ಯೂನ್ ಹೋದ ಮೇಲೆ ಚೋ ಕುಕ್ ಯಾತಕ್ಕೆ?

ದಕ್ಷಿಣ ಕೊರಿಯಾದ ರಾಜಕೀಯವನ್ನು ದೂರದಿಂದ ನೋಡುವವರಿಗೆ ಚೋ ಕುಕ್ ಅವರ ಕಥೆಯ ತಲೆಬುಡ ಸುಲಭಕ್ಕೆ ಸಿಗುವುದಿಲ್ಲ. 2024ರ ಏಪ್ರಿಲ್‌ನಲ್ಲಿ ಅವರು, ತಿಂಗಳ ಹಿಂದಷ್ಟೇ ಕಟ್ಟಿದ ಪಕ್ಷವೊಂದರಿಂದ ಸಂಸತ್ತಿಗೆ ಆಯ್ಕೆಯಾದರು. ಅದೇ ಡಿಸೆಂಬರ್‌ನಲ್ಲಿ ಎರಡು ವರ್ಷದ ಶಿಕ್ಷೆ ಕಾಯಂ ಆಗಿ ಜೈಲಿಗೆ ಹೋದರು. ಎಂಟು ತಿಂಗಳು ಕಳೆಯುವಷ್ಟರಲ್ಲಿ, 2025ರ ಆಗಸ್ಟ್ 15ರಂದು, ಅಧ್ಯಕ್ಷ ಲೀ ಜೇ ಮ್ಯೂಂಗ್ ಕೊಟ್ಟ ಕ್ಷಮಾದಾನದಿಂದ ಹೊರಬಂದರು. ನವೆಂಬರ್‌ನಲ್ಲಿ ಮತ್ತೆ ಪಕ್ಷದ ಅಧ್ಯಕ್ಷರಾದರು. ಇತ್ತ ಅವರ ವಿರುದ್ಧ ತನಿಖೆ ನಡೆಸಿದ ಪ್ರಾಸಿಕ್ಯೂಟರ್ ಜನರಲ್ ಯೂನ್ ಸುಕ್ ಯೋಲ್ ಆ ತನಿಖೆಯಿಂದಲೇ ಮನೆಮಾತಾಗಿ ದೇಶದ ಅಧ್ಯಕ್ಷರಾದರು. ಸೇನಾಡಳಿತ ಹೇರಲು ಹೋಗಿ ಪದಚ್ಯುತರಾದರು. ದಂಗೆಯ ಆರೋಪ ಹೊತ್ತು ಕಟಕಟೆಯಲ್ಲಿ ನಿಂತರು.

ಹಾಗಾದರೆ ಚೋ ಕುಕ್ ಯಾರು? ಮಕ್ಕಳ ಸೀಟಿಗಾಗಿ ಸುಳ್ಳು ಕಾಗದಪತ್ರ ಮಾಡಿದ ಅಪರಾಧಿಯೋ, ಪ್ರಾಸಿಕ್ಯೂಷನ್ ಎಂಬ ದೈತ್ಯ ಸಂಸ್ಥೆ ಬೆನ್ನಟ್ಟಿ ಬೇಟೆಯಾಡಿದ ಬಲಿಪಶುವೋ? ಆರು ವರ್ಷಗಳಿಂದ ಕೊರಿಯನ್ನರು ಈ ಪ್ರಶ್ನೆ ಹಿಡಿದು ಜಗಳವಾಡುತ್ತಿದ್ದಾರೆ. ದಾಖಲೆಗಳನ್ನು ನೋಡಿದರೆ ಎರಡೂ ನಿಜ. ಆದರೆ ಈಗ ಕೇಳಬೇಕಾದ ಪ್ರಶ್ನೆ ಬೇರೆಯಿದೆ. ಚೋ ಅವರಿಗೆ ಓಟು ತಂದುಕೊಟ್ಟದ್ದು ಯೂನ್ ಮೇಲಿನ ಸಿಟ್ಟು. ಆ ಯೂನ್ ಈಗ ಅಧಿಕಾರದಲ್ಲಿಲ್ಲ. ಇನ್ನು ಯಾವುದರ ಬಲದ ಮೇಲೆ ಅವರ ರಾಜಕಾರಣ?

ತರಗತಿಯಿಂದ ಅಧ್ಯಕ್ಷರ ಕಚೇರಿಗೆ

1965ರಲ್ಲಿ ಬುಸಾನ್‌ನಲ್ಲಿ ಹುಟ್ಟಿದ ಚೋ 1982ರಲ್ಲಿ ಸೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯದ ಕಾನೂನು ವಿಭಾಗ ಸೇರಿದರು. ಆಗ ಚುನ್ ದೂ ಹ್ವಾನ್ ಅವರ ಮಿಲಿಟರಿ ಆಳ್ವಿಕೆ. ಆ ವಿಭಾಗದಲ್ಲಿ ಓದಿದವರಿಗೆ ಹೆದ್ದಾರಿ ಒಂದೇ: ನ್ಯಾಯಾಂಗ ಪರೀಕ್ಷೆ ಪಾಸು ಮಾಡುವುದು, ಜಡ್ಜ್ ಅಥವಾ ಪ್ರಾಸಿಕ್ಯೂಟರ್ ಆಗುವುದು. ಅದೇ ವಿಭಾಗಕ್ಕೆ 1979ರಲ್ಲಿ ಸೇರಿದ್ದ ಯೂನ್ ಆ ಪರೀಕ್ಷೆಯನ್ನು ಬಿಡದೆ ಬರೆದು, ಒಂಬತ್ತನೇ ಸಲ ದಾಟಿದವರು. ಚೋ ಆ ಹಾದಿ ಹಿಡಿಯದೆ ಪಾಠ ಹೇಳುವ ಕೆಲಸಕ್ಕೆ ಹೋದರು.

1993ರಲ್ಲಿ ಉಲ್ಸಾನ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದಾಗ, ನಿಷೇಧಿತ ಸಮಾಜವಾದಿ ಸಂಘಟನೆಯೊಂದರ ಜತೆ ನಂಟಿದೆ ಎಂದು ರಾಷ್ಟ್ರೀಯ ಭದ್ರತಾ ಕಾಯ್ದೆಯಡಿ ಬಂಧನಕ್ಕೊಳಗಾಗಿ ಕೆಲವು ತಿಂಗಳು ಸೆರೆಯಲ್ಲಿದ್ದರು. ಅಮ್ನೆಸ್ಟಿ ಇಂಟರ್‌ನ್ಯಾಷನಲ್ ಆಗ ಅವರನ್ನು ಆತ್ಮಸಾಕ್ಷಿಯ ಕೈದಿ ಎಂದು ಕರೆದಿತ್ತು. ಆಮೇಲೆ ಅಮೆರಿಕದ ಬರ್ಕ್‌ಲಿಯಲ್ಲಿ ಡಾಕ್ಟರೇಟ್. 2001ರಿಂದ ತಾವು ಓದಿದ ಸೋಲ್ ವಿಶ್ವವಿದ್ಯಾಲಯದಲ್ಲೇ ಪ್ರಾಧ್ಯಾಪಕರು. ಅವರ ಅಧ್ಯಯನದ ವಿಷಯ ಕ್ರಿಮಿನಲ್ ಪ್ರೊಸೀಜರ್. ಅದರಲ್ಲೂ, ತನಿಖಾಧಿಕಾರಿಗಳು ಕಾನೂನು ಮೀರಿ ಸಂಗ್ರಹಿಸಿದ ಸಾಕ್ಷ್ಯವನ್ನು ಕೋರ್ಟು ಒಪ್ಪಬೇಕೇ, ತಳ್ಳಿಹಾಕಬೇಕೇ ಎಂಬ ಪ್ರಶ್ನೆ. ಈ ವಿವರ ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಪ್ರಾಧ್ಯಾಪಕರಾಗಿದ್ದಷ್ಟೇ ಕಾಲ ಅವರು ಸಾರ್ವಜನಿಕ ಚರ್ಚೆಯ ಮನುಷ್ಯರೂ ಆಗಿದ್ದರು. ಮಾನವ ಹಕ್ಕುಗಳ ಆಯೋಗದ ಸದಸ್ಯರಾಗಿದ್ದರು. ಟ್ವಿಟರ್‌ನಲ್ಲಿ ಅವರ ಮಾತಿಗೆ ದೊಡ್ಡ ಓದುಗ ಬಳಗವಿತ್ತು. ಅಧ್ಯಕ್ಷೆ ಪಾರ್ಕ್ ಗ್ಯೂನ್ ಹೇ ಅವರ ಆಪ್ತೆಯ ಮಗಳಿಗೆ ಪ್ರತಿಷ್ಠಿತ ಇವಾ ಮಹಿಳಾ ವಿಶ್ವವಿದ್ಯಾಲಯದಲ್ಲಿ ಅಡ್ಡದಾರಿಯಲ್ಲಿ ಸೀಟು ಸಿಕ್ಕ ಹಗರಣ ಹೊರಬಿದ್ದಾಗ ಕಟುವಾಗಿ ಟೀಕಿಸಿದವರಲ್ಲಿ ಇವರೂ ಒಬ್ಬರು. ಆ ಸಿಟ್ಟಿನ ಅಲೆಯ ಮೇಲೆಯೇ ಪಾರ್ಕ್ 2017ರ ಮಾರ್ಚ್‌ನಲ್ಲಿ ಪದಚ್ಯುತರಾದರು, ಮೇನಲ್ಲಿ ಮೂನ್ ಜೇ ಇನ್ ಅಧ್ಯಕ್ಷರಾದರು. ಅವಕಾಶ ಎಲ್ಲರಿಗೂ ಸಮ, ಪ್ರಕ್ರಿಯೆ ನ್ಯಾಯಯುತ, ಫಲಿತಾಂಶ ಧರ್ಮಬದ್ಧ ಎಂಬುದು ಮೂನ್ ಪ್ರಮಾಣವಚನದ ದಿನ ಕೊಟ್ಟ ಮಾತು. ಚೋ ಅವರನ್ನು ಮೂನ್ ತಮ್ಮ ಕಚೇರಿಗೆ ನಾಗರಿಕ ವ್ಯವಹಾರಗಳ ಹಿರಿಯ ಕಾರ್ಯದರ್ಶಿಯಾಗಿ ಕರೆಸಿಕೊಂಡರು. ದೊಡ್ಡ ಹುದ್ದೆಗೆ ಬರುವವರ ಹಿನ್ನೆಲೆ ಜಾಲಾಡುವುದು ಆ ಕಚೇರಿಯ ಕೆಲಸ. 2019ರಲ್ಲಿ ಪ್ರಾಸಿಕ್ಯೂಟರ್ ಜನರಲ್ ಹುದ್ದೆಗೆ ಯೂನ್ ಹೆಸರು ಬಂದಾಗ ಪರಿಶೀಲನೆಯ ಹೊಣೆ ಇದ್ದದ್ದು ಚೋ ಅವರ ಕೈಯಲ್ಲಿ.

ತನಿಖೆಯೂ ಅವರದೇ, ಆರೋಪಪಟ್ಟಿಯೂ ಅವರದೇ

ಕೊರಿಯಾದ ಪ್ರಾಸಿಕ್ಯೂಟರ್ ಎಂದರೆ ನಮ್ಮ ಕೋರ್ಟುಗಳ ಸರ್ಕಾರಿ ವಕೀಲರಂತಲ್ಲ. ನಮ್ಮಲ್ಲಿ ಪೊಲೀಸರೋ ಸಿಬಿಐಯೋ ತನಿಖೆ ಮಾಡಿ ಆರೋಪಪಟ್ಟಿ ಹಾಕಿದ ಮೇಲೆ ಸರ್ಕಾರಿ ವಕೀಲರು ವಾದಿಸುತ್ತಾರೆ. ಕೊರಿಯಾದಲ್ಲಿ ಪ್ರಾಸಿಕ್ಯೂಟರ್ ತಾನೇ ತನಿಖೆ ಶುರುಮಾಡಬಹುದಿತ್ತು, ಪೊಲೀಸರ ತನಿಖೆಯ ಮೇಲೂ ಹಿಡಿತ ಇಟ್ಟುಕೊಂಡಿದ್ದ, ಸರ್ಚ್ ವಾರಂಟಿಗೆ ಕೋರ್ಟಿನ ಮುಂದೆ ಅರ್ಜಿ ಹಾಕುವುದೂ ಅವನೇ. ಕೊನೆಗೆ ಆರೋಪ ಹೊರಿಸಬೇಕೇ, ಫೈಲು ಮುಚ್ಚಬೇಕೇ ಎಂಬ ತೀರ್ಮಾನವೂ ಅವನದೇ. ಯಾರ ಫೈಲು ತೆರೆಯಿತು, ಯಾರದು ಧೂಳು ತಿಂದಿತು ಎಂಬುದರಲ್ಲೇ ಅಧಿಕಾರ ಅಡಗಿತ್ತು.

ಈ ಸಂಸ್ಥೆಯ ಬಗ್ಗೆ ಕೊರಿಯಾದ ಉದಾರವಾದಿಗಳಿಗೆ ಹಳೆಯ ಗಾಯವೂ ಇದೆ. ಮಾಜಿ ಅಧ್ಯಕ್ಷ ರೋ ಮೂ ಹ್ಯೂನ್, ನಿವೃತ್ತಿಯ ನಂತರ ಭ್ರಷ್ಟಾಚಾರದ ತನಿಖೆ ಎದುರಿಸುತ್ತಿದ್ದಾಗ 2009ರ ಮೇ 23ರಂದು ಪ್ರಾಣ ಕಳೆದುಕೊಂಡರು. ತನಿಖೆಯ ವಿವರಗಳು ದಿನವೂ ಮಾಧ್ಯಮಕ್ಕೆ ಸೋರುತ್ತಿದ್ದವು. ಅವರನ್ನು ಪ್ರಾಸಿಕ್ಯೂಟರ್‌ಗಳೇ ಸಾವಿನತ್ತ ತಳ್ಳಿದರೆಂದು ಬೆಂಬಲಿಗರು ಇಂದಿಗೂ ನಂಬುತ್ತಾರೆ. ಆ ರೋ ಅವರ ಮುಖ್ಯ ಕಾರ್ಯದರ್ಶಿಯಾಗಿದ್ದವರು ಮೂನ್. ಪ್ರಾಸಿಕ್ಯೂಷನ್ ಸುಧಾರಣೆ ಮೂನ್ ಪಾಳಯಕ್ಕೆ ಪ್ರಣಾಳಿಕೆಯ ಹಲವು ಅಂಶಗಳಲ್ಲಿ ಒಂದಾಗಿರಲಿಲ್ಲ, ತೀರಿಸಲೇಬೇಕಾದ ಬಾಕಿಯಾಗಿತ್ತು. ಅದನ್ನು ಮಾಡಿಸಲು ಅವರಿಗೆ ಪ್ರಾಸಿಕ್ಯೂಟರ್ ಕುಲಕ್ಕೆ ಸೇರದ ಕಾನೂನು ಪಂಡಿತರೊಬ್ಬರು ಬೇಕಿತ್ತು.

ಮೂವತ್ತೈದು ದಿನಗಳ ಸಚಿವರು

2019ರ ಆಗಸ್ಟ್ 9ರಂದು ಚೋ ಅವರನ್ನು ನ್ಯಾಯ ಸಚಿವ ಸ್ಥಾನಕ್ಕೆ ಹೆಸರಿಸಲಾಯಿತು. ಬೆನ್ನಿಗೇ ಪತ್ರಿಕೆಗಳು ಅವರ ಕುಟುಂಬದ ಬೆನ್ನು ಬಿದ್ದವು. ಮಗಳು ಹೈಸ್ಕೂಲಿನಲ್ಲಿದ್ದಾಗ ಎರಡು ವಾರ ಇಂಟರ್ನ್‌ಶಿಪ್ ಮಾಡಿದ್ದಕ್ಕೆ ವೈದ್ಯಕೀಯ ಸಂಶೋಧನಾ ಪ್ರಬಂಧವೊಂದರ ಮೊದಲ ಲೇಖಕಿಯೆಂದು ಹೆಸರು ಬಂದಿತ್ತು. ತಾಯಿ ಪಾಠ ಮಾಡುತ್ತಿದ್ದ ದೊಂಗ್‌ಯಾಂಗ್ ವಿಶ್ವವಿದ್ಯಾಲಯದ ಅಧ್ಯಕ್ಷರ ಪ್ರಶಂಸಾ ಪತ್ರ ಮಗಳ ಮೆಡಿಕಲ್ ಸೀಟಿನ ಅರ್ಜಿಯಲ್ಲಿತ್ತು. ಅಂಥ ಪತ್ರ ನಾನು ಕೊಟ್ಟೇ ಇಲ್ಲ ಎಂದರು ಆ ಅಧ್ಯಕ್ಷರು. ಇದರ ಜತೆಗೆ ಖಾಸಗಿ ಹೂಡಿಕೆ ನಿಧಿಯೊಂದರಲ್ಲಿ ಕುಟುಂಬದ ಹಣ.

ಆಗಸ್ಟ್ 27ರಂದು ಪ್ರಾಸಿಕ್ಯೂಟರ್‌ಗಳು ಇಪ್ಪತ್ತಕ್ಕೂ ಹೆಚ್ಚು ಕಡೆ ಒಟ್ಟಿಗೆ ದಾಳಿ ಮಾಡಿದರು. ಅಭ್ಯರ್ಥಿಯನ್ನು ಸಂಸತ್ತು ವಿಚಾರಿಸುವ ಮೊದಲೇ ಹೀಗೆ ನುಗ್ಗಿದ್ದು ಕೊರಿಯಾದಲ್ಲಿ ಹಿಂದೆ ಕಂಡಿದ್ದಲ್ಲ. ಚೋ ಸೆಪ್ಟೆಂಬರ್ 2ರಂದು ಸಂಸತ್ ಭವನದಲ್ಲಿ ಹೆಚ್ಚುಕಡಿಮೆ ಹನ್ನೊಂದು ಗಂಟೆ ಪತ್ರಕರ್ತರ ಪ್ರಶ್ನೆಗಳಿಗೆ ಉತ್ತರ ಕೊಡುತ್ತಾ ಕೂತರು. ಸಂಸದೀಯ ವಿಚಾರಣೆ ನಡೆದದ್ದು ಸೆಪ್ಟೆಂಬರ್ 6ರಂದು. ಆ ಪ್ರಶಂಸಾ ಪತ್ರದ ಮೇಲಿದ್ದ ತಾರೀಖು 2012ರ ಸೆಪ್ಟೆಂಬರ್ 7. ಫೋರ್ಜರಿಗೆ ಏಳು ವರ್ಷದ ಕಾಲಮಿತಿ. ಅಂದರೆ ಆ ಮಧ್ಯರಾತ್ರಿ ದಾಟಿದರೆ ಕೇಸು ಬಿದ್ದುಹೋಗುತ್ತದೆ. ಸಂಸತ್ತಿನಲ್ಲಿ ಗಂಡನ ವಿಚಾರಣೆ ಮುಗಿಯುವ ಹೊತ್ತಿಗೆ, ರಾತ್ರಿ ಹತ್ತೂ ಮುಕ್ಕಾಲು ದಾಟಿದ ಮೇಲೆ, ಹೆಂಡತಿಯನ್ನು ಒಮ್ಮೆಯೂ ಕರೆದು ಪ್ರಶ್ನಿಸದೆ ಪ್ರಾಸಿಕ್ಯೂಷನ್ ಅವರ ಮೇಲೆ ಆರೋಪ ದಾಖಲಿಸಿತು. ಕಾಲಮಿತಿ ಮುಗಿಯುತ್ತಿದ್ದದ್ದು ದಿಟ. ಆ ರಾತ್ರಿಯನ್ನು ಕೊರಿಯಾ ನೆನಪಿಟ್ಟುಕೊಂಡಿರುವುದು ಮಾತ್ರ ಆ ಕಾರಣಕ್ಕಲ್ಲ. ಸಂಸತ್ತು ಇನ್ನೂ ಕೂತಿರುವಾಗಲೇ ಪ್ರಾಸಿಕ್ಯೂಷನ್ ತೀರ್ಪು ಹೇಳಿದಂತೆ ಜನಕ್ಕೆ ಕಂಡಿತ್ತು.

ಮೂನ್ ಹಿಂದೆ ಸರಿಯದೆ ಸೆಪ್ಟೆಂಬರ್ 9ರಂದು ಚೋ ಅವರಿಗೆ ಅಧಿಕಾರ ಕೊಟ್ಟರು. ಹಾಲಿ ನ್ಯಾಯ ಸಚಿವರ ಮನೆಯಲ್ಲೇ ಸೆಪ್ಟೆಂಬರ್ 23ರಂದು ಹನ್ನೊಂದು ಗಂಟೆ ಶೋಧ ನಡೆಯಿತು. ದೇಶ ಎರಡು ಬೀದಿಗಳಾಗಿ ಒಡೆಯಿತು: ಸೋಲ್‌ನ ಪ್ರಾಸಿಕ್ಯೂಷನ್ ಕಚೇರಿಗಳಿರುವ ಸೋಚೋ ಪ್ರದೇಶದಲ್ಲಿ ಚೋ ಪರ ಮೇಣದಬತ್ತಿ, ಗ್ವಾಂಗ್‌ಹ್ವಾಮುನ್ ಚೌಕದಲ್ಲಿ ಚೋ ವಿರುದ್ಧ ಬಾವುಟ. ಅಕ್ಟೋಬರ್ 14ರಂದು, ಬಹುತೇಕ ನಗರಗಳ ಪ್ರಾಸಿಕ್ಯೂಷನ್ ವಿಶೇಷ ತನಿಖಾ ವಿಭಾಗಗಳನ್ನು ರದ್ದು ಮಾಡುವ ಯೋಜನೆ ಪ್ರಕಟಿಸಿದ ಕೆಲವೇ ಗಂಟೆಗಳಲ್ಲಿ ಅವರು ರಾಜೀನಾಮೆ ಕೊಟ್ಟರು. ಸುಧಾರಣೆಗೆ ಒಲೆ ಹೊತ್ತಿಸುವ ಪುರಲೆಯಾಗಿ ತಮ್ಮ ಕೆಲಸ ಇಲ್ಲಿಗೆ ಮುಗಿಯಿತು ಎಂದರು. ಮುಗಿಯಲಿಲ್ಲ ಎಂಬುದು ಈಗ ಎಲ್ಲರಿಗೂ ಗೊತ್ತು.

ಕೋರ್ಟುಗಳು ಹೇಳಿದ್ದು

ಬಲಿಪಶು ಎಂಬ ಒಂದೇ ಮಾತಿನಲ್ಲಿ ಈ ಪ್ರಕರಣವನ್ನು ಮುಗಿಸುವವರು ತೀರ್ಪುಗಳನ್ನು ಓದುವ ಗೋಜಿಗೆ ಹೋಗುವುದಿಲ್ಲ. ಪತ್ನಿಗೆ 2020ರ ಡಿಸೆಂಬರ್‌ನಲ್ಲಿ ನಾಲ್ಕು ವರ್ಷ ಶಿಕ್ಷೆಯಾಯಿತು. ಮಗಳ ಅರ್ಜಿಯ ಜತೆಗಿದ್ದ ಏಳು ದಾಖಲೆಗಳೂ ಸುಳ್ಳೆಂದು ಕೋರ್ಟು ಹೇಳಿತು. 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಹೂಡಿಕೆ ನಿಧಿಯ ಆರೋಪಗಳಲ್ಲಿ ಹೆಚ್ಚಿನವು ನಿಲ್ಲಲಿಲ್ಲ. ಪ್ರಾಸಿಕ್ಯೂಷನ್ ಆರಂಭದಲ್ಲಿ ಅತಿ ದೊಡ್ಡದೆಂದು ಬಿಂಬಿಸಿದ್ದು ಅದನ್ನೇ ಎಂಬುದು ಗಮನಿಸಬೇಕಾದ ಸಂಗತಿ.

ಆ ಪ್ರಕರಣದ ಮುಖ್ಯ ಸಾಕ್ಷ್ಯ, ದೊಂಗ್‌ಯಾಂಗ್ ವಿಶ್ವವಿದ್ಯಾಲಯದ ಸಿಬ್ಬಂದಿ ವಿಶ್ರಾಂತಿ ಕೊಠಡಿಯಲ್ಲಿ ಬಿದ್ದಿದ್ದ ಕಂಪ್ಯೂಟರ್. ಅಲ್ಲಿನ ಸಹಾಯಕರೊಬ್ಬರು ಅದನ್ನು ಪ್ರಾಸಿಕ್ಯೂಟರ್‌ಗಳಿಗೆ ಒಪ್ಪಿಸಿದ್ದರು. ಅದನ್ನು ಬಳಸುತ್ತಿದ್ದವರ ಗೈರುಹಾಜರಿಯಲ್ಲಿ ತೆರೆದು ನೋಡಿದ್ದು ಕಾನೂನುಬಾಹಿರ, ಆದ್ದರಿಂದ ಸಾಕ್ಷ್ಯವೇ ಅಸಿಂಧು ಎಂಬುದು ಪತ್ನಿಯ ಪರ ವಾದ. ಕಾನೂನು ಮೀರಿ ಪಡೆದ ಸಾಕ್ಷ್ಯದ ಮೇಲೆ ಪುಸ್ತಕ ಬರೆದ ವಿದ್ವಾಂಸನ ಮನೆಯ ಕೇಸು ಕೊನೆಗೆ ನಿಂತದ್ದು ಅದೇ ಪ್ರಶ್ನೆಯ ಮೇಲೆ. ಸುಪ್ರೀಂ ಕೋರ್ಟು ಆ ವಾದವನ್ನು ಒಪ್ಪಲಿಲ್ಲ. ಇನ್ನೊಂದು ದೃಶ್ಯ 2020ರ ಸೆಪ್ಟೆಂಬರ್‌ನದು. ಪತ್ನಿಯ ವಿಚಾರಣೆಯಲ್ಲಿ ಸಾಕ್ಷಿಯಾಗಿ ಬಂದ ಚೋ, ಪ್ರಾಸಿಕ್ಯೂಟರ್ ಕೇಳಿದ ಸುಮಾರು ಮುನ್ನೂರು ಪ್ರಶ್ನೆಗಳಿಗೂ ‘ಕ್ರಿಮಿನಲ್ ಪ್ರೊಸೀಜರ್ ಕಾಯ್ದೆಯ 148ನೇ ವಿಧಿಯನ್ನು ಅನುಸರಿಸುತ್ತೇನೆ’ ಎಂಬ ಒಂದೇ ಉತ್ತರ ಕೊಟ್ಟರು. ತನಗೋ ಮನೆಯವರಿಗೋ ಶಿಕ್ಷೆ ತರಬಹುದಾದ ಸಾಕ್ಷ್ಯ ನುಡಿಯದಿರುವ ಹಕ್ಕು ಅದು. ಕಾನೂನಿನ ದೃಷ್ಟಿಯಲ್ಲಿ ಅದರಲ್ಲಿ ತಪ್ಪಿರಲಿಲ್ಲ. ಟಿವಿ ನೋಡುತ್ತಿದ್ದವರಿಗೆ ಹಾಗೆ ಕಾಣಲಿಲ್ಲ.

ಚೋ ಅವರದೇ ತೀರ್ಪು ಬಂದದ್ದು 2023ರ ಫೆಬ್ರವರಿ 3ರಂದು: ಎರಡು ವರ್ಷ. ಮಕ್ಕಳ ಪ್ರವೇಶಕ್ಕೆ ಸುಳ್ಳು ದಾಖಲೆ ಬಳಸಿದ್ದು, ಮಗಳ ಮೆಡಿಕಲ್ ಕಾಲೇಜಿನ ಪ್ರಾಧ್ಯಾಪಕರಿಂದ ಸ್ಕಾಲರ್‌ಶಿಪ್ ಹೆಸರಿನಲ್ಲಿ 60 ಲಕ್ಷ ವಾನ್ ಬಂದದ್ದು (ನಾಲ್ಕು ಲಕ್ಷ ರೂಪಾಯಿಯ ಆಸುಪಾಸು, ಇದನ್ನು ಲಂಚವೆಂದು ಒಪ್ಪದ ಕೋರ್ಟು ಉಡುಗೊರೆ ನಿಷೇಧ ಕಾಯ್ದೆಯ ಉಲ್ಲಂಘನೆ ಎಂದಿತು), ಬುಸಾನ್‌ನ ಮಾಜಿ ಉಪಮೇಯರ್ ಯೂ ಜೇ ಸೂ ವಿರುದ್ಧ ನಡೆಯುತ್ತಿದ್ದ ಆಂತರಿಕ ಪರಿಶೀಲನೆಯನ್ನು ಅಧ್ಯಕ್ಷರ ಕಚೇರಿಯಲ್ಲಿದ್ದಾಗ ನಿಲ್ಲಿಸಿದ್ದು ಇವು ಮುಖ್ಯ ಅಪರಾಧಗಳು. ಇನ್ನೊಂದು ಸಣ್ಣದು, ಆದರೆ ಓದುವವರ ಮನಸ್ಸಿನಲ್ಲಿ ಅಂಟಿಕೊಳ್ಳುವಂಥದ್ದು. ಮಗ ಅಮೆರಿಕದ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ 2016ರಲ್ಲಿ ಆನ್‌ಲೈನ್ ಪರೀಕ್ಷೆಯ ಪ್ರಶ್ನೆಗಳನ್ನು ಸೋಲ್‌ಗೆ ಕಳಿಸುತ್ತಿದ್ದ, ಅಪ್ಪ ಅಮ್ಮ ಉತ್ತರ ಬರೆದು ಕಳಿಸುತ್ತಿದ್ದರು. ವಿಷಯ ಪ್ರಜಾಪ್ರಭುತ್ವ.

ಮಗಳ ಮೆಡಿಕಲ್ ಪ್ರವೇಶ ರದ್ದಾಯಿತು, ವೈದ್ಯಕೀಯ ಪರವಾನಗಿಯೂ ಹೋಯಿತು. ಚೋ ಅವರನ್ನು ಸೋಲ್ ವಿಶ್ವವಿದ್ಯಾಲಯ 2023ರ ಜೂನ್‌ನಲ್ಲಿ ವಜಾ ಮಾಡಿತು.

ಎರಡೂ ಪಾಳಯಗಳ ಮಾತು

ಚೋ ಬೆಂಬಲಿಗರ ವಾದ ಹೀಗೆ ಸಾಗುತ್ತದೆ. ಆ ಕಾಲದಲ್ಲಿ ಕೊರಿಯಾದ ಕಾಲೇಜು ಪ್ರವೇಶ ವ್ಯವಸ್ಥೆಯೇ ಇಂಟರ್ನ್‌ಶಿಪ್ಪು, ಪ್ರಶಸ್ತಿ, ಶಿಫಾರಸುಗಳ ಕಂತೆಯನ್ನು ಬೇಡುತ್ತಿತ್ತು. ಉಳ್ಳವರ ಮನೆಗಳಲ್ಲಿ ಪರಸ್ಪರ ಮಕ್ಕಳಿಗೆ ಇಂಥ ಕಾಗದ ಕೊಡಿಸುವುದು ಮಾಮೂಲಾಗಿತ್ತು. ಅವರಲ್ಲಿ ಇವರ ಮನೆಯೊಂದನ್ನೇ ಆರಿಸಿ, ಒಂದು ಕುಟುಂಬದ ಮೇಲೆ ಇಷ್ಟು ಬಲ ಸುರಿದದ್ದೇಕೆ? ಸುಧಾರಣೆಯನ್ನು ತಡೆಯುವುದಕ್ಕೇ ಅಲ್ಲವೇ? ಆ ತನಿಖೆಯ ಮುಂಚೂಣಿಯಲ್ಲಿದ್ದ ಹಾನ್ ದೊಂಗ್ ಹೂನ್ ಮುಂದೆ ಯೂನ್ ಸರ್ಕಾರದಲ್ಲಿ ನ್ಯಾಯ ಸಚಿವರಾದದ್ದು, ಆಮೇಲೆ ಆಡಳಿತ ಪಕ್ಷದ ನಾಯಕರಾದದ್ದು ಅವರ ಸಂಶಯವನ್ನು ಗಟ್ಟಿ ಮಾಡಿತು.

ವಿರೋಧಿಗಳ ಪ್ರಶ್ನೆ ಇನ್ನೂ ನೇರ. ಬೇರೆಯವರೂ ಮಾಡಿದ್ದಾರೆ ಎಂದರೆ ಮಾಡಿದ್ದು ತಪ್ಪಲ್ಲವೆಂದಾಗುತ್ತದೆಯೇ? ಒಂದು ಪರೀಕ್ಷೆಯ ಫಲಿತಾಂಶದ ಮೇಲೆ ಜೀವನವೇ ನಿಂತಿರುವ ಸಮಾಜ ಅದು. ಸುನುಂಗ್ ಎಂಬ ಪ್ರವೇಶ ಪರೀಕ್ಷೆಯ ದಿನ ಮಕ್ಕಳಿಗೆ ತೊಂದರೆಯಾಗದಿರಲೆಂದು ಕಚೇರಿಗಳು ತಡವಾಗಿ ತೆರೆಯುತ್ತವೆ, ಇಂಗ್ಲಿಷ್ ಆಲಿಸುವ ಪರೀಕ್ಷೆಯ ಹೊತ್ತಿಗೆ ವಿಮಾನಗಳ ಹಾರಾಟ ನಿಲ್ಲುತ್ತದೆ. ಅಲ್ಲಿ ಬೇರೆಯವರ ಸವಲತ್ತನ್ನು ಎತ್ತಿ ಆಡಿದ ಪ್ರಾಧ್ಯಾಪಕರ ಮನೆಯಲ್ಲೇ ಇಂಥದ್ದು ನಡೆಯಿತು. 2019ರಲ್ಲಿ ಸೋಲ್ ವಿಶ್ವವಿದ್ಯಾಲಯ ಮತ್ತು ಕೊರಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಚೋ ವಿರುದ್ಧ ಬೀದಿಗಿಳಿದದ್ದು ಯಾರೋ ಕೂಡಿಸಿ ಕಳಿಸಿದ್ದರಿಂದಲ್ಲ. ಸರ್ಕಾರಕ್ಕೂ ಅದರ ಬಿಸಿ ತಟ್ಟಿತು. ಅದೇ ನವೆಂಬರ್‌ನಲ್ಲಿ, ಸೋಲ್‌ನ 16 ವಿಶ್ವವಿದ್ಯಾಲಯಗಳು ಕನಿಷ್ಠ ಶೇ 40 ಸೀಟುಗಳನ್ನು ಪರೀಕ್ಷಾ ಅಂಕದ ಮೇಲೇ ತುಂಬಬೇಕೆಂಬ ಯೋಜನೆ ಬಂತು. ಇಡೀ ಹಗರಣದಿಂದ ಸಾಮಾನ್ಯ ಮನೆಗಳಿಗೆ ನೇರವಾಗಿ ತಟ್ಟಿದ ಬದಲಾವಣೆ ಬಹುಶಃ ಇದೊಂದೇ.

ಪ್ರಾಸಿಕ್ಯೂಷನ್ ಆಯ್ದು ಹೊಡೆಯಿತು ಎಂಬುದೂ ಸರಿ, ಹೊಡೆದ ಜಾಗದಲ್ಲಿ ಅಪರಾಧ ಇತ್ತು ಎಂಬುದೂ ಸರಿ. ಮೊದಲನೆಯದನ್ನು ಒಪ್ಪಿದರೆ ಎರಡನೆಯದನ್ನು ಅಲ್ಲಗಳೆಯಬೇಕು ಎಂದು ಮೂನ್ ಮತ್ತು ಲೀ ಜೇ ಮ್ಯೂಂಗ್ ಅವರ ಡೆಮಾಕ್ರಟಿಕ್ ಪಕ್ಷದ ಬೆಂಬಲಿಗರು ಅಂದುಕೊಂಡರು. ಎರಡನೆಯದು ಸಾಬೀತಾದರೆ ಮೊದಲನೆಯದನ್ನು ಕೇಳಲೇಬಾರದು ಎಂದು ಮುಂದೆ ಯೂನ್ ಸೇರಿದ ಸಂಪ್ರದಾಯವಾದಿ ಪೀಪಲ್ ಪವರ್ ಪಕ್ಷ ಪಟ್ಟುಹಿಡಿಯಿತು. ಇದರ ನೇರ ಲಾಭ ಪಡೆದವರು ಯೂನ್. ಅಧಿಕಾರಸ್ಥರ ಮುಂದೆ ಬಾಗದ ಅಧಿಕಾರಿ ಎಂಬ ಹೆಸರು ಹೊತ್ತು 2022ರ ಮಾರ್ಚ್ 9ರ ಚುನಾವಣೆಯಲ್ಲಿ ಲೀ ಜೇ ಮ್ಯೂಂಗ್ ಅವರನ್ನು ಶೇ 0.73ರ ಅಂತರದಲ್ಲಿ ಸೋಲಿಸಿದರು. ಆ ಅಂತರ ನೋಡಿದರೆ, ಚೋ ಪ್ರಕರಣ ಇಲ್ಲದಿದ್ದರೆ ಯೂನ್ ಅಧ್ಯಕ್ಷರಾಗುತ್ತಿರಲಿಲ್ಲ ಎನ್ನುವುದು ಉತ್ಪ್ರೇಕ್ಷೆಯೇನಲ್ಲ. ಅವರು ಅಭ್ಯರ್ಥಿಯೇ ಆಗುತ್ತಿರಲಿಲ್ಲ.

ಶಿಕ್ಷೆಯಾದವರು ಚುನಾವಣೆಗೆ ನಿಂತದ್ದು ಹೇಗೆ?

2024ರ ಫೆಬ್ರವರಿ 8ರಂದು ಹೈಕೋರ್ಟೂ ಎರಡು ವರ್ಷದ ಶಿಕ್ಷೆಯನ್ನೇ ಎತ್ತಿಹಿಡಿಯಿತು. ಆದರೆ ಮೇಲ್ಮನವಿಗೆ ಅವಕಾಶವಿದ್ದುದರಿಂದ ಅವರನ್ನು ಬಂಧಿಸಲಿಲ್ಲ. ಕೊರಿಯಾದ ಕಾನೂನಿನಲ್ಲಿ ಸ್ಪರ್ಧಿಸುವ ಹಕ್ಕು ಹೋಗುವುದು ಶಿಕ್ಷೆ ಅಂತಿಮವಾದ ಮೇಲೆ. ಆ ಸಂದಿಯಲ್ಲೇ ಚೋ ಮಾರ್ಚ್ 3ರಂದು ರೀಬಿಲ್ಡಿಂಗ್ ಕೊರಿಯಾ ಪಾರ್ಟಿ ಕಟ್ಟಿದರು. ಯೂನ್ ಅವಧಿಯಲ್ಲಿ ಉಳಿದಿದ್ದ ಮೂರು ವರ್ಷವನ್ನು ತೋರಿಸಿ ‘ಮೂರು ವರ್ಷ ತೀರಾ ದೀರ್ಘ’ ಎಂಬುದೇ ಘೋಷಣೆ.

ಕೊರಿಯಾದ 300 ಸ್ಥಾನಗಳಲ್ಲಿ 254 ಕ್ಷೇತ್ರಗಳಿಂದ, 46 ಪಕ್ಷಗಳು ಪಡೆದ ಓಟಿನ ಲೆಕ್ಕದಲ್ಲಿ ತುಂಬುತ್ತವೆ. ಮತದಾರನ ಕೈಗೆ ಎರಡು ಮತಪತ್ರ. ಚೋ ಪಕ್ಷ ಕ್ಷೇತ್ರಗಳ ತಂಟೆಗೇ ಹೋಗದೆ, ಕ್ಷೇತ್ರದಲ್ಲಿ ಡೆಮಾಕ್ರಟಿಕ್ ಪಕ್ಷಕ್ಕೆ ಹಾಕಿ, ಪಕ್ಷದ ಮತಪತ್ರದಲ್ಲಿ ನಮಗೆ ಹಾಕಿ ಎಂದಿತು. ಫಲವಾಗಿ ಶೇ 24.25 ಓಟು, 12 ಸ್ಥಾನ. ಡೆಮಾಕ್ರಟಿಕ್ ಪಕ್ಷದ ಕೋಟೆಯಾದ ಗ್ವಾಂಗ್ಜು ನಗರದಲ್ಲಂತೂ, ಆ ಪಕ್ಷ ಪಕ್ಷದ ಮತಪತ್ರಕ್ಕೆಂದೇ ನಿಲ್ಲಿಸಿದ್ದ ಜತೆಗಾರ ಪಕ್ಷಕ್ಕಿಂತ ಹೆಚ್ಚು ಓಟು ಬಿತ್ತು.

ಇದನ್ನು ಜನತಾ ನ್ಯಾಯಾಲಯದ ಖುಲಾಸೆ ಎಂದು ಅವರ ಅಭಿಮಾನಿಗಳು ಕರೆದರು. ಅಷ್ಟು ದೂರ ಹೋಗಬೇಕಿಲ್ಲ. ಯೂನ್ ಅವರ ಪತ್ನಿಯ ಮೇಲಿನ ಆರೋಪಗಳ ವಿಷಯದಲ್ಲಿ ಪ್ರಾಸಿಕ್ಯೂಟರ್‌ಗಳು ತೋರಿದ ಮೆದುತನವನ್ನು ಜನ ನೋಡಿದ್ದರು. ಚೋ ಮನೆಯಲ್ಲಿ ಹನ್ನೊಂದು ಗಂಟೆ ಜಾಲಾಡಿದವರು ಇವರೇ ತಾನೇ ಎಂದು ಅನ್ನಿಸಿತ್ತು. ಓಟು ಬಿದ್ದದ್ದು ಆ ತಾರತಮ್ಯದ ವಿರುದ್ಧ.

2024ರ ಡಿಸೆಂಬರ್ 3ರ ರಾತ್ರಿ ಯೂನ್ ಸೇನಾಡಳಿತ ಘೋಷಿಸಿದರು. ಸಂಸತ್ತು ಗಂಟೆಗಳೊಳಗೆ ಅದನ್ನು ತಳ್ಳಿಹಾಕಿತು. ಡಿಸೆಂಬರ್ 12ರಂದು ಸುಪ್ರೀಂ ಕೋರ್ಟು ಚೋ ಅವರ ಶಿಕ್ಷೆಯನ್ನು ಕಾಯಂ ಮಾಡಿತು, ಸಂಸತ್ ಸ್ಥಾನ ಹೋಯಿತು. ಎರಡು ದಿನಗಳ ನಂತರ, ಡಿಸೆಂಬರ್ 14ರಂದು, ಯೂನ್ ಅವರ ವಾಗ್ದಂಡನೆ 204 ಮತಗಳಿಂದ ಅಂಗೀಕಾರವಾಯಿತು. ವರ್ಷವಿಡೀ ಯೂನ್ ಇಳಿಯಲಿ ಎಂದು ಕೂಗಿದ ಚೋ ಅವರಿಗೆ ಆ ದಿನ ಓಟು ಹಾಕುವ ಹಕ್ಕೇ ಇರಲಿಲ್ಲ. ಡಿಸೆಂಬರ್ 16ರಂದು ಜೈಲು.

ಕ್ಷಮಾದಾನದ ಲೆಕ್ಕ

ಕೊರಿಯಾದಲ್ಲಿ ಅಧ್ಯಕ್ಷರ ವಿಶೇಷ ಕ್ಷಮಾದಾನಕ್ಕೆ ಸಂಸತ್ತಿನ ಒಪ್ಪಿಗೆ ಬೇಕಿಲ್ಲ. ಅದನ್ನು ಎಲ್ಲ ಪಕ್ಷದವರೂ ಬಳಸಿಕೊಂಡಿದ್ದಾರೆ. ಪಾರ್ಕ್ ಅವರನ್ನು 2021ರಲ್ಲಿ ಬಿಟ್ಟದ್ದು ಮೂನ್. ಮಾಜಿ ಅಧ್ಯಕ್ಷ ಲೀ ಮ್ಯೂಂಗ್ ಬಾಕ್ ಮತ್ತು ಸ್ಯಾಮ್‌ಸಂಗ್‌ನ ಲೀ ಜೇ ಯೋಂಗ್ ಅವರಿಗೆ 2022ರಲ್ಲಿ ಕ್ಷಮೆ ಕೊಟ್ಟದ್ದು ಯೂನ್, ಅದೂ ಇವರೇ ಪ್ರಾಸಿಕ್ಯೂಟರ್ ಆಗಿ ಇಬ್ಬರನ್ನೂ ತನಿಖೆಗೆ ಒಳಪಡಿಸಿದ ಮೇಲೆ! ಆದ್ದರಿಂದ ಚೋ ಬಿಡುಗಡೆ ಅಪೂರ್ವ ಘಟನೆಯೇನಲ್ಲ.

ಆದರೂ ಗದ್ದಲ ಎದ್ದದ್ದಕ್ಕೆ ಕಾರಣ, ಅವರು ಶಿಕ್ಷೆಯ ಮೂರನೇ ಒಂದು ಭಾಗವನ್ನಷ್ಟೇ ಮುಗಿಸಿದ್ದರು. ಕ್ಷಮಾದಾನದ ಜತೆಗೆ ರಾಜಕೀಯ ಹಕ್ಕುಗಳೂ ಮರಳಿದವು. ಅದಿಲ್ಲದಿದ್ದರೆ 2026ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದರೂ ಇನ್ನೂ ಐದು ವರ್ಷ ಚುನಾವಣೆಗೆ ನಿಲ್ಲುವಂತಿರಲಿಲ್ಲ. 2028ರ ಸಂಸತ್ ಚುನಾವಣೆಯೂ 2030ರ ಅಧ್ಯಕ್ಷ ಚುನಾವಣೆಯೂ ಕೈತಪ್ಪುತ್ತಿದ್ದವು. ಪತ್ನಿಗೂ, ಚೋ ಅವರ ಮಗನಿಗೆ ಸುಳ್ಳು ಇಂಟರ್ನ್‌ಶಿಪ್ ಪತ್ರ ಕೊಟ್ಟು ಸಂಸತ್ ಸ್ಥಾನ ಕಳೆದುಕೊಂಡಿದ್ದ ಚೋಯ್ ಕಾಂಗ್ ವೂಕ್ ಅವರಿಗೂ ಅದೇ ದಿನ ಕ್ಷಮೆ ಸಿಕ್ಕಿತು. ಪಟ್ಟಿಯಲ್ಲಿ ವಿರೋಧ ಪಕ್ಷದ ಕೆಲವರೂ ಇದ್ದರು. ಸರ್ಕಾರ ಕೊಟ್ಟ ಕಾರಣ ರಾಷ್ಟ್ರೀಯ ಐಕ್ಯ.

ಲೀ ಅವರಿಗೆ ಇದರಿಂದ ಏನು ಲಾಭ? 2025ರ ಜೂನ್ 3ರ ಅಧ್ಯಕ್ಷ ಚುನಾವಣೆಯಲ್ಲಿ ಚೋ ಪಕ್ಷ ಅಭ್ಯರ್ಥಿ ಹಾಕದೆ ಲೀ ಬೆನ್ನಿಗೆ ನಿಂತಿತ್ತು. ಆ ಋಣ ತೀರಿತು. ಮೂನ್ ಕಡೆಯಿಂದಲೂ ಕೋರಿಕೆ ಬಂದಿತ್ತು; ಅವರ ನಿಷ್ಠರನ್ನು ಸಮಾಧಾನಪಡಿಸಿದಂತಾಯಿತು. ಅಧಿಕಾರಕ್ಕೆ ಬಂದ ಎರಡೇ ತಿಂಗಳಿಗೆ, ಮುಂದಿನ ಚುನಾವಣೆ ದೂರವಿರುವಾಗಲೇ ಕೆಟ್ಟ ಹೆಸರು ತಂದುಕೊಂಡು ಮುಗಿಸುವುದು ವಾಸಿ ಎಂಬ ಲೆಕ್ಕಾಚಾರವೂ ಇದ್ದಿರಬೇಕು. ಕೆಟ್ಟ ಹೆಸರಂತೂ ಬಂತು. ಆ ವಾರಗಳ ಸಮೀಕ್ಷೆಗಳಲ್ಲಿ ಲೀ ಜನಪ್ರಿಯತೆ ಇಳಿಯಿತು. ತಮ್ಮದೇ ಕ್ರಿಮಿನಲ್ ವಿಚಾರಣೆಗಳು ಅಧ್ಯಕ್ಷರಾದ ಕಾರಣಕ್ಕೆ ನಿಂತಿರುವಾಗ ಅವರು ಇನ್ನೊಬ್ಬರ ಶಿಕ್ಷೆ ಅಳಿಸಿದ್ದು ವಿರೋಧಿಗಳಿಗೆ ಸಿದ್ಧ ಅಸ್ತ್ರವಾಯಿತು.

ಎದುರಾಳಿ ಇಲ್ಲದ ಅಖಾಡ

ಚೋ ಹೊರಬಂದದ್ದು ತಾವು ಒಳಗೆ ಹೋದ ರಾಜಕಾರಣಕ್ಕೆ ಅಲ್ಲ. ಯೂನ್ ಅವರನ್ನು ಸಂವಿಧಾನ ನ್ಯಾಯಾಲಯ 2025ರ ಏಪ್ರಿಲ್ 4ರಂದು ಒಮ್ಮತದಿಂದ ಕೆಳಗಿಳಿಸಿತ್ತು. ಸೆಪ್ಟೆಂಬರ್ 26ರಂದು ಸಂಸತ್ತು ಸರ್ಕಾರದ ರಚನೆಯ ಕಾಯ್ದೆಯನ್ನೇ ತಿದ್ದಿ, 1948ರಿಂದ ಇದ್ದ ಪ್ರಾಸಿಕ್ಯೂಷನ್ ಕಚೇರಿಯನ್ನು ಒಂದು ವರ್ಷದ ಗಡುವಿನ ನಂತರ ಮುಚ್ಚಲು ತೀರ್ಮಾನಿಸಿತು. ಆರೋಪ ಹೊರಿಸುವ ಕೆಲಸ ನ್ಯಾಯ ಸಚಿವಾಲಯದಡಿ ಹೊಸ ಕಚೇರಿಗೆ, ದೊಡ್ಡ ಅಪರಾಧಗಳ ತನಿಖೆ ಗೃಹ ಆಡಳಿತ ಸಚಿವಾಲಯದಡಿ ಬೇರೊಂದು ಸಂಸ್ಥೆಗೆ. ಚೋ 2019ರಲ್ಲಿ ಕೇಳಿದ್ದಕ್ಕಿಂತ ಇದು ಬಹಳ ದೊಡ್ಡದು. ಮಾಡಿದ್ದು ಮಾತ್ರ ಡೆಮಾಕ್ರಟಿಕ್ ಪಕ್ಷ, ತನ್ನದೇ ಬಹುಮತದಿಂದ.

ಇಲ್ಲಿಂದ ಮುಂದಿನ ತೊಡಕು ಶುರುವಾಗುತ್ತದೆ. ಯೂನ್ ಇಳಿಯಬೇಕು, ಪ್ರಾಸಿಕ್ಯೂಷನ್ ಒಡೆಯಬೇಕು ಎಂಬ ಎರಡು ಬೇಡಿಕೆಗಳ ಮೇಲೆ ನಿಂತ ಪಕ್ಷಕ್ಕೆ ಎರಡೂ ಕೈಗೂಡಿವೆ. ಓಟು ಕೇಳಲು ಹೊಸ ಕಾರಣ ಬೇಕು. ಅದನ್ನು ಹುಡುಕುವ ಹೊತ್ತಿಗೆ ಪಕ್ಷದೊಳಗಿನ ಲೈಂಗಿಕ ಕಿರುಕುಳದ ದೂರುಗಳನ್ನು ಸರಿಯಾಗಿ ವಿಚಾರಿಸಲಿಲ್ಲವೆಂದು ವಕ್ತಾರೆಯೇ ಸೆಪ್ಟೆಂಬರ್‌ನಲ್ಲಿ ಹೊರನಡೆದರು. ನಾಯಕತ್ವ ರಾಜೀನಾಮೆ ಕೊಟ್ಟಿತು, ಚೋ ತುರ್ತು ಸಮಿತಿಯ ಮುಖ್ಯಸ್ಥರಾದರು. ತಾವು ಜೈಲಿನಲ್ಲಿದ್ದೆ, ಪಕ್ಷದಲ್ಲಿ ಹುದ್ದೆ ಇರಲಿಲ್ಲ ಎಂಬ ಅವರ ಸಮಜಾಯಿಷಿ ನೊಂದವರಿಗೆ ಸಾಕೆನ್ನಿಸಲಿಲ್ಲ. ನವೆಂಬರ್ 23ರಂದು ಅಧ್ಯಕ್ಷ ಸ್ಥಾನಕ್ಕೆ ಅವರು ಒಬ್ಬರೇ ಅಭ್ಯರ್ಥಿ. ಒಬ್ಬ ವ್ಯಕ್ತಿಯ ಸುತ್ತ ಕಟ್ಟಿದ ಪಕ್ಷದಲ್ಲಿ ಎರಡನೆಯವರು ಬೆಳೆಯುವುದು ಕಷ್ಟ.

ಸಂಖ್ಯೆಯೂ ಸಾಲದು. ಸಂಸತ್ತಿನ ಕಾರ್ಯಸೂಚಿ ನಿರ್ಧರಿಸುವ ಮಾತುಕತೆಯಲ್ಲಿ ಕೂರಲು 20 ಸದಸ್ಯರ ಗುಂಪು ಬೇಕು. ಇವರ ಬಳಿ ಇರುವುದು 12. ಅದನ್ನು ಕಡಿಮೆ ಮಾಡಿ ಎಂಬ ಕೋರಿಕೆ ಡೆಮಾಕ್ರಟಿಕ್ ಪಕ್ಷದ ದಯೆ ಕಾಯುತ್ತಿದೆ. ಉಳಿದಿರುವ ದಾರಿಗಳು ಎರಡು. ಡೆಮಾಕ್ರಟಿಕ್ ಪಕ್ಷದಲ್ಲಿ ವಿಲೀನವಾಗುವುದು: ಆಗ ಚೋ ಲೀ ನಂತರದ ನಾಯಕತ್ವದ ಸಾಲಿನಲ್ಲಿ ಒಬ್ಬರಾಗುತ್ತಾರೆ, ಜತೆಗೆ ಮಕ್ಕಳ ಸೀಟಿನ ಹಗರಣವನ್ನೂ ಆ ಪಕ್ಷದ ಹೆಗಲಿಗೆ ಏರಿಸುತ್ತಾರೆ. 2019ರಲ್ಲಿ ಬೀದಿಗಿಳಿದ ವಿದ್ಯಾರ್ಥಿಗಳಿಗೆ ಈಗ ಮೂವತ್ತರ ಹತ್ತಿರ ವಯಸ್ಸು, ಓಟಿನ ಲೆಕ್ಕದಲ್ಲಿ ಅವರು ಸಣ್ಣ ಸಂಖ್ಯೆಯಲ್ಲ. ಡೆಮಾಕ್ರಟಿಕ್ ಪಕ್ಷದಲ್ಲಿ ಹಲವರು ಈ ಮದುವೆಗೆ ಅಂಜುವುದು ಇದಕ್ಕೇ.

ಎರಡನೆಯ ದಾರಿ, ಡೆಮಾಕ್ರಟಿಕ್ ಪಕ್ಷದ ಭದ್ರಕೋಟೆಯಾದ ನೈಋತ್ಯದ ಹೋನಾಮ್ ಪ್ರಾಂತ್ಯದಲ್ಲಿ ಅದಕ್ಕೇ ಎದುರಾಗುವುದು. ಅಲ್ಲಿ ಪೀಪಲ್ ಪವರ್ ಪಕ್ಷ ಲೆಕ್ಕಕ್ಕಿಲ್ಲ, ಡೆಮಾಕ್ರಟಿಕ್ ಟಿಕೆಟ್ ಸಿಕ್ಕರೆ ಗೆದ್ದಂತೆಯೇ ಎಂಬ ಪರಿಸ್ಥಿತಿ. ಅದರಿಂದ ಬೇಸತ್ತ ಮತದಾರರೂ ಇದ್ದಾರೆ. 2025ರ ಏಪ್ರಿಲ್ 2ರ ಉಪಚುನಾವಣೆಯಲ್ಲಿ, ಚೋ ಜೈಲಿನಲ್ಲಿದ್ದಾಗಲೇ, ದಾಮ್‌ಯಾಂಗ್ ಜಿಲ್ಲೆಯ ಮುಖ್ಯಸ್ಥ ಸ್ಥಾನವನ್ನು ಅವರ ಪಕ್ಷ ಡೆಮಾಕ್ರಟಿಕ್ ಅಭ್ಯರ್ಥಿಯನ್ನು ಸೋಲಿಸಿ ಗೆದ್ದಿತು. ಪಕ್ಷಕ್ಕೆ ದಕ್ಕಿದ ಮೊದಲ ಸ್ಥಳೀಯ ಆಡಳಿತ ಅದು, ಯೂನ್ ಹೆಸರಿನ ಮೇಲೆ ನಿಲ್ಲದ ಗೆಲುವೂ ಹೌದು. ದೇಶವ್ಯಾಪಿ ಸ್ಥಳೀಯ ಸಂಸ್ಥೆಗಳ ಚುನಾವಣೆ 2026ರ ಜೂನ್ 3ಕ್ಕೆ ನಿಗದಿಯಾಗಿದೆ. ಹೋನಾಮ್‌ನಲ್ಲಿ ದಾಮ್‌ಯಾಂಗ್‌ನಂಥ ಗೆಲುವು ಇನ್ನೂ ನಾಲ್ಕಾರು ಕಡೆ ಬಂದರೆ ವಿಲೀನದ ಮಾತುಕತೆಯಲ್ಲಿ ಷರತ್ತು ಹಾಕುವವರು ಚೋ. ಬಾರದಿದ್ದರೆ ಡೆಮಾಕ್ರಟಿಕ್ ಪಕ್ಷ.